ಲವರ್ನ್ ಇಲ್ಲದ ಬೇಕರಿ

ಚಳಿಗಾಲದ ಒಂದು ಬೆಳಿಗ್ಗೆ, ಆರು ಗಂಟೆ. ನೆಬ್ರಾಸ್ಕಾದ ಒಂದು ಸಣ್ಣ ಊರಿನಲ್ಲಿ ಲವರ್ನ್ ಕುಚೇರಾ ತನ್ನದೇ ಬೇಕರಿಯ ಎದುರು, ರಸ್ತೆಯ ಆಚೆ, ಪಿಕಪ್ ಗಾಡಿಯಲ್ಲಿ ಕುಳಿತಿದ್ದ. ಒಳಗೆ ಹೋಗುವಂತಿರಲಿಲ್ಲ.

ಅವನು ಮೀಸಲು ಸೈನಿಕ, ಸೇನೆ ಕರೆದಾಗ ಹೋಗಬೇಕಾದವನು. ಹನ್ನೆರಡು ದಿನದಲ್ಲಿ ಹಾಜರಾಗಿ ಒಂಬತ್ತು ತಿಂಗಳು ಸೇವೆ ಮಾಡಬೇಕೆಂದು ಆದೇಶ ಬಂದಿತ್ತು. ಹೊಸ ಓವನ್‌ಗೆ ಮಾಡಿದ ಸಾಲದ ಕಂತನ್ನು ಅಷ್ಟು ದಿನ ನಿಲ್ಲಿಸಿ ಎಂದು ಅರ್ಜಿ ಹಾಕಿದ್ದ. ಊರಿನ ಬ್ಯಾಂಕಿನ ನಿಯಮ ಒಂದೇ: ಮಾಲೀಕನಿಲ್ಲದೆ ವ್ಯಾಪಾರ ನಡೆಯದು ಎಂಬುದು ಸಾಬೀತಾಗಬೇಕು.

“ಒಂದು ಬೆಳಗು ನೀವು ಒಳಗೆ ಕಾಲಿಡಬೇಡಿ,” ಎಂದಿದ್ದಳು ಸಾಲದ ಅಧಿಕಾರಿ ಮಾರ್ಲೀಸ್. “ಒಂಬತ್ತಕ್ಕೆ ನಾನೇ ಬಂದು ನೋಡ್ತೀನಿ.”

ತಾನಿಲ್ಲದೆ ಅಂಗಡಿ ನಡೆಯದು ಎಂಬ ಧೈರ್ಯ ಲವರ್ನ್‌ಗಿತ್ತು. ಅವನ ಅಂಗಡಿ ನಡೆಯುತ್ತಿದ್ದುದು ಕೋಲಾಚೆ ಎಂಬ, ಗಸಗಸೆ ತುಂಬಿದ ಸಿಹಿ ಬನ್ನಿನಿಂದ. ಹೆಂಡತಿ ಡಾರ್ಲಾಗೆ ಅದನ್ನು ಮಾರಲು ಬರುತ್ತಿತ್ತು, ಮಾಡಲು ಬರುತ್ತಿರಲಿಲ್ಲ. ಆರೂವರೆಗೆ ಹಿಂಬಾಗಿಲಿನಿಂದ ಕಪ್ಪು ಹೊಗೆ ಬಂತು. ಹೊಗೆ ಕಂಡು ಅಷ್ಟು ಸಂತೋಷಪಟ್ಟ ಬೇಕರಿಯವನು ಆ ಜಿಲ್ಲೆಯಲ್ಲಿ ಬೇರೊಬ್ಬನಿರಲಿಲ್ಲ.

ಏಳಕ್ಕೆ ಅರ್ಲೀನ್ ಸ್ವೊಬೊಡಾ ಬಂದಳು. ಎಪ್ಪತ್ತಾರು ವರ್ಷ, ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ಮುನ್ನೂರು ಮಕ್ಕಳಿಗೆ ಬಡಿಸಿ ನಿವೃತ್ತಳಾದವಳು. ಅವಳ ಹಿಂದೆ ಚರ್ಚಿನ ಆರು ಹೆಂಗಸರು, ಯುದ್ಧಕ್ಕೆ ಹೊರಟವರಂತೆ ಲಟ್ಟಣಿಗೆ ಹಿಡಿದು.

ಲವರ್ನ್ ಗಾಡಿಯ ಕಿಟಕಿ ಇಳಿಸಿದ. “ಅರ್ಲೀನ್, ಮನೆಗೆ ಹೋಗಿ! ದಮ್ಮಯ್ಯ!”

“ಸಂಕೋಚ ಯಾಕಪ್ಪ? ದೇಶಸೇವೆಗೆ ಹೊರಟೋನು ನೀನು. ನಾವೇನು ಸತ್ತು ಹೋಗಿದ್ದೀವಾ?”

“ಹಾಗಲ್ಲ, ಅಂಗಡಿ ಕೆಡಬೇಕು! ಕೆಟ್ಟರೇನೇ ನನಗೆ ಒಳ್ಳೇದು!”

“ಪಾಪ, ಚಿಂತೇಲಿ ತಲೆ ಕೆಟ್ಟಿದೆ,” ಎಂದಳು ಅರ್ಲೀನ್ ಹಿಂದಿನವರಿಗೆ. “ನಡೀರೇ, ಬೇಗ.”

ಎಂಟಕ್ಕೆ ಬೀದಿ ತುಂಬ ಗಸಗಸೆಯ ಪರಿಮಳ. ಎಂಟೂವರೆಗೆ ಗಿರಾಕಿಗಳ ಸಾಲು ಅಂಚೆ ಕಚೇರಿ ದಾಟಿತು. ಅಂಚೆಯವನು ಗಾಡಿಯ ಬಳಿ ಬಂದು ಒಂದು ಕೋಲಾಚೆ ಕೈಗಿಟ್ಟ.

“ನಿನ್ನದಕ್ಕಿಂತ ಮೆತ್ತಗಿದೆ ಕಣೋ. ನಿಧಾನಕ್ಕೆ ವಾಪಸ್ ಬಾ, ಅವಸರ ಇಲ್ಲ.”

ಲವರ್ನ್ ತಿಂದು ನೋಡಿದ. ಮೆತ್ತಗೇ ಇತ್ತು.

ಒಂಬತ್ತಕ್ಕೆ ಬಂದ ಮಾರ್ಲೀಸ್ ಇಪ್ಪತ್ತು ನಿಮಿಷ ಸಾಲಿನಲ್ಲಿ ನಿಂತು ಒಂದು ಡಜನ್ ಕೊಂಡಳು.

“ನೀವಿಲ್ಲದೆ ವ್ಯಾಪಾರ ಎರಡು ಪಟ್ಟಾಗಿದೆ, ಲವರ್ನ್. ಏನಂತ ಬರೀಲಿ ನಾನು?”

ಅರ್ಜಿ ತಿರಸ್ಕೃತವಾಯಿತು. ಮತ್ತೆ ಹಾಕಲು ಆರು ತಿಂಗಳು ಕಾಯಬೇಕಿತ್ತು.

ಕಂತು ನಿಲ್ಲದಿದ್ದರೇನು, ಅಂಗಡಿಯಂತೂ ನಡೆಯುತ್ತದಲ್ಲ ಎಂದು ಸಮಾಧಾನ ತಂದುಕೊಂಡು ಲವರ್ನ್ ಒಳಗೆ ಹೋದ. ಅರ್ಲೀನ್ ಏಪ್ರನ್ ಬಿಚ್ಚಿ ಮಡಿಸುತ್ತಿದ್ದಳು.

“ನೀವಿದ್ದರೆ ಹೇಗೋ ಕಂತು ಕಟ್ತೀನಿ, ಅರ್ಲೀನ್. ನಾಳೆ ಎಷ್ಟೊತ್ತಿಗೆ ಬರ್ತೀರಿ?”

“ನಾಳೆ ಯಾಕಪ್ಪ? ಬ್ಯಾಂಕಿನವರು ಇವತ್ತು ಅಂಗಡಿ ಪರೀಕ್ಷೆಗೆ ಬರ್ತಾರೆ ಅಂತ ಗೊತ್ತಾಯ್ತು, ಪಾಸು ಮಾಡಿಸಿದ್ವಿ. ಆಯ್ತಲ್ಲ!” ಎಂದು ಅವಳು ಬೆನ್ನು ತಟ್ಟಿದಳು. “ನಾಳೆ ನಾವು ಏಳೂ ಜನ ಬಿಸಿಲಿರೋ ಅರಿಜೋನಾಕ್ಕೆ. ಈ ಹಿಮ ಮುಗಿಯೋವರೆಗೂ ಅಲ್ಲೇ.”

ಹನ್ನೆರಡನೇ ದಿನ ಲವರ್ನ್ ಹಾಜರಾದ. ಬೇಕರಿಗೆ ಬೀಗ ಬಿತ್ತು. ಒಂದನೇ ತಾರೀಖು ಬ್ಯಾಂಕು ಅವನ ಸೇನೆಯ ಸಂಬಳದಿಂದ ಕಂತು ಹಿಡಿದುಕೊಂಡಿತು.