ಮೊಳೆರಾಯರು ಕಂಪ್ಯೂಟರಿನ ಮೊಳೆ ಬಿಚ್ಚಿದ್ದು

"ಈ ಮನೆಯ ಕಂಪ್ಯೂಟರಿಗೆ ಇನ್ನು ಮುಂದೆ ಹೊರಗಿನವರ ಕೈ ಸೋಕಕೂಡದು!"

ಭಾನುವಾರ ಬೆಳಿಗ್ಗೆ ಟೀ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಮೊಳೆರಾಯರು ಹೀಗೆ ಡಂಗುರ ಸಾರಿದರು. "ಹೊಸ ಆಪರೇಟಿಂಗ್ ಸಿಸ್ಟಮ್ ಹಾಕೋದಕ್ಕೆ ಅಂಗಡಿಯವನು ಯಾಕೆ ಬೇಕು? ನಲವತ್ತು ವರ್ಷ ಸೀಸದ ಮೊಳೆ ಜೋಡಿಸಿದ ಕೈ ಇದು! ಮಗಳು ಹುಟ್ಟಿದ ದಿನ ಹೆರಿಗೆ ಕೋಣೆಯಲ್ಲಿ ಕಂಬದ ಹಾಗೆ ನಿಂತಿದ್ದವನು ನಾನು. ಒಂದು ತಗಡಿನ ಡಬ್ಬಕ್ಕೆ ಹೆದರ್ತೀನಾ?"

ಮೊಳೆರಾಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅಚ್ಚುಕೂಟದಲ್ಲಿ ಒಂದೊಂದೇ ಅಕ್ಷರದ ಅಚ್ಚುಮೊಳೆ ಹೆಕ್ಕಿ ಸಾಲು ಕಟ್ಟುತ್ತಿದ್ದ ಕಾಲದಲ್ಲಿ, ಕಣ್ಣು ಕಟ್ಟಿ ಬಿಟ್ಟರೂ ಯಾವ ಖಾನೆಯಲ್ಲಿ ಯಾವ ಅಕ್ಷರವಿದೆಯೆಂದು ಹೇಳಬಲ್ಲರೆಂದು ಜೊತೆಯವರು ತೊಡಿಸಿದ ಕಿರೀಟ. ಅಚ್ಚುಕೂಟ ಮುಚ್ಚಿತು, ಕಿರೀಟ ಮಾತ್ರ ಇಳಿಯಲಿಲ್ಲ. ಕಂಪ್ಯೂಟರನ್ನೂ ಅವರು ಯಾರ ಕಾಲೂ ಹಿಡಿಯದೆ ಕಲಿತಿದ್ದರು. ಒತ್ತುವುದು, ಕೆಡಿಸುವುದು, ಇನ್ನೊಂದು ಒತ್ತಿ ಸರಿಮಾಡುವುದು!

ಮನೆಯಲ್ಲಿ ಎರಡು ಕಂಪ್ಯೂಟರ್. ಮುಂದಿನ ಕೋಣೆಯದು ಇವರದು. ಒಳಕೋಣೆಯ ಮುದಿಯಂತ್ರ ಹೆಂಡತಿಯದು. ಆಕೆ ಮೂವತ್ತನಾಲ್ಕು ವರ್ಷ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ದುಡಿದವರು, ಬೀದಿಗೆಲ್ಲ ನರ್ಸಮ್ಮ. ಕಂಡ ಹೆರಿಗೆಗಳ ಕಥೆಯನ್ನೆಲ್ಲ ಮೂರು ವರ್ಷ ಕೂತು ಆ ಯಂತ್ರದಲ್ಲಿ ಪುಸ್ತಕವಾಗಿ ಬರೆದಿದ್ದರು. ಇನ್ನು ಇಪ್ಪತ್ತು ದಿನಕ್ಕೆ ಅದು ಅಚ್ಚಿಗೆ ಹೋಗಬೇಕಿತ್ತು.

"ರೀ, ಅದರಲ್ಲಿ ನನ್ನ ಪುಸ್ತಕ ಇದೆ," ಎಂದರು ನರ್ಸಮ್ಮ.

"ನನಗೆ ಅಷ್ಟೂ ತಿಳಿಯಲ್ವೇನೇ? ಮೊದಲು ನಿನ್ನ ಪುಸ್ತಕವನ್ನ ನನ್ನ ಕಂಪ್ಯೂಟರಿಗೆ ಸಾಗಿಸ್ತೀನಿ. ಆಮೇಲೆ ನಿನ್ನದನ್ನ ತೊಳೆದು ಹೊಸದು ತುಂಬ್ತೀನಿ. ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗೀತು ಅಂದ್ಕೋ!"

ನರ್ಸಮ್ಮ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಹತ್ತು ನಿಮಿಷ ಬಿಟ್ಟು ಹೊರಬಂದಾಗ ಕೈಯಲ್ಲಿ ಅವರ ಹಳೆಯ ಥರ್ಮಾಮೀಟರಿನ ಡಬ್ಬಿಯಿತ್ತು.

"ಯಾರಿಗೆ ಜ್ವರ?" ಎಂದರು ರಾಯರು.

"ಇನ್ನೂ ಯಾರಿಗೂ ಬಂದಿಲ್ಲ," ಎಂದು ಡಬ್ಬಿಯನ್ನು ಕೈಚೀಲಕ್ಕೆ ಸೇರಿಸಿದರು.

ರಾಯರು ಕಚ್ಚೆ ಬಿಗಿದು ಕಣಕ್ಕಿಳಿದರು. ಎರಡೂ ಯಂತ್ರಗಳನ್ನು ತಂತಿಯಿಂದ ಬೆಸೆದರು. ಹೆಂಡತಿಯ ಪುಸ್ತಕವಿದ್ದ ಕಡತವನ್ನು 'ಹಂಚಿಕೊಳ್ಳಿ' ಎಂದು ಒತ್ತಿದರು. ಓಡಿಹೋಗಿ ಮುಂದಿನ ಕೋಣೆಯಲ್ಲಿ ನೋಡುತ್ತಾರೆ, ಮೂವತ್ತೆರಡು ಅಧ್ಯಾಯಗಳೂ ಇವರ ಪರದೆಯ ಮೇಲೆ ಸಾಲಾಗಿ ಕುಳಿತಿವೆ! ಒಂದನ್ನು ಒತ್ತಿದರು, ತೆರೆಯಿತು. ಇನ್ನೊಂದನ್ನು ಒತ್ತಿದರು, ಅದೂ ತೆರೆಯಿತು. ಅಲ್ಲಿದ್ದದ್ದು ಇಲ್ಲಿ ಮೂಡಿತೆಂದರೆ ಇನ್ನೇನು, ಅಚ್ಚಾಯಿತು!

ಅಚ್ಚುಕೂಟದ ಧರ್ಮ ಅವರ ರಕ್ತದಲ್ಲಿತ್ತು. ಪುಟ ಅಚ್ಚಾಗಿ ಹೊರಬಿತ್ತೆಂದರೆ ಜೋಡಿಸಿದ ಮೊಳೆಗಳನ್ನು ಬಿಚ್ಚಿ ಖಾನೆಗಳಿಗೆ ಸುರಿಯಬೇಕು. ಅಚ್ಚಾದ ಮೇಲೂ ಮೊಳೆ ಕಟ್ಟಿಟ್ಟುಕೊಂಡು ಕೂರುವವನು ಹೆಡ್ಡ! ರಾಯರು ಒಳಕೋಣೆಗೆ ಹಿಂತಿರುಗಿ ಹೊಸ ಸಿಸ್ಟಮ್ಮಿನ ಡಿಸ್ಕನ್ನು ಮುದಿಯಂತ್ರದ ಬಾಯಿಗಿಟ್ಟರು. 'ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮುಂದುವರಿಯಬೇಕೇ?' ಎಂದು ಅದು ವಿನಯದಿಂದ ಕೇಳಿತು.

"ಬಿಚ್ಚು!" ಎಂದು ರಾಯರು ಗುಂಡಿ ಒತ್ತಿದರು.

ಒಂದು ಗಂಟೆಯಲ್ಲಿ ಮುದಿಯಂತ್ರ ಮೈತೊಳೆದ ಮದುಮಗನಂತೆ ಫಳಫಳ ಹೊಳೆಯಿತು. ಮೀಸೆ ತೀಡುತ್ತ ರಾಯರು ಮುಂದಿನ ಕೋಣೆಗೆ ಬಂದರು. ಪುಸ್ತಕವನ್ನು ಮರಳಿ ಕಳಿಸಿದರೆ ಮುಗಿಯಿತು. ಒತ್ತಿದರು. 'ದಾರಿ ಸಿಗುತ್ತಿಲ್ಲ' ಎಂದಿತು ಕಂಪ್ಯೂಟರ್. ಮತ್ತೆ ಒತ್ತಿದರು. ದಾರಿ ಸಿಗುತ್ತಿಲ್ಲ! ಬೆರಳು ಸವೆಯುವಂತೆ ಒತ್ತಿದರು. ಮೂವತ್ತೆರಡರಲ್ಲಿ ಒಂದಾದರೂ ಅಧ್ಯಾಯ? ಇಲ್ಲ! ಬೆನ್ನಿನ ಮೇಲೆ ತಣ್ಣನೆಯ ಇರುವೆಗಳು ಸಾಲುಗಟ್ಟಿ ಹೊರಟವು.

ಹಿಂದಿನ ಬೀದಿಯಲ್ಲಿದ್ದ ಮಗಳಿಗೆ ಪಿಸುದನಿಯಲ್ಲಿ ಫೋನ್ ಮಾಡಿದರು. ಆಕೆ ರಕ್ತಪರೀಕ್ಷೆಯ ಪ್ರಯೋಗಾಲಯದವಳು, ತಪ್ಪು ಎಲ್ಲಿದೆಯೆಂದು ಹುಡುಕುವುದೇ ಕಸುಬು. ಬಂದವಳು ಎರಡೂ ಯಂತ್ರ ನೋಡಿ ತಲೆ ಮೇಲೆ ಕೈಯಿಟ್ಟುಕೊಂಡಳು.

"ಅಪ್ಪಾ, ನೀನು ನಕಲು ಮಾಡೇ ಇಲ್ಲ! ಬರೀ ಹಂಚಿಕೊಂಡಿದ್ದೀಯ. ಎದುರುಮನೆ ಬೀರುವನ್ನ ನಮ್ಮ ಕಿಟಕಿಯಿಂದ ನೋಡೋದಿಲ್ವಾ, ಹಾಗೆ."

"ಕಣ್ಣಾರೆ ಕಂಡೆನಲ್ಲೇ!"

"ಕಂಡೆ. ಕಂಡಾದ ಮೇಲೆ ಹೋಗಿ ಎದುರುಮನೆಯನ್ನೇ ಕೆಡವಿ ಬಂದೆ!"

ಬಾಗಿಲಲ್ಲಿ ನರ್ಸಮ್ಮ ನಿಂತಿದ್ದರು. ಎಲ್ಲ ಕೇಳಿಸಿತ್ತು. ರಾಯರು ಬಿರುಗಾಳಿಗೆ ಮೈಯೊಡ್ಡಲು ಸಿದ್ಧರಾದರು. ಆದರೆ ಆಕೆ ಕೂಗಲಿಲ್ಲ, ಅಳಲಿಲ್ಲ. ಸ್ಟೂಲಿನ ಮೇಲೆ ಮೆಲ್ಲಗೆ ಕುಳಿತು, "ಮೂರು ವರ್ಷ," ಎಂದರು. ಅಷ್ಟೇ. ಹೆಂಡತಿ ಬೈದರೆ ತಡೆದುಕೊಳ್ಳಬಹುದು. ಬೈಯದಿದ್ದರೆ ದೇವರೇ ಗತಿ!

ಆಮೇಲೆ ಆಕೆಯೇ ಕೇಳಿದರು. "ಎಂಟು ತಿಂಗಳ ಹಿಂದೆ ಪ್ರಿಂಟ್ ತೆಗೆದು ನಿಮ್ಮ ಕೈಗೆ ಕೊಟ್ಟಿದ್ನಲ್ಲ, ತಪ್ಪು ನೋಡಿ ಅಂತ? ಓದಿ, 'ಒಂದಕ್ಷರವೂ ತಪ್ಪಿಲ್ಲ' ಅಂದಿದ್ರಿ. ಅದೆಲ್ಲಿ?"

ರಾಯರಿಗೆ ಹೋದ ಜೀವ ಬಂತು. ಬಂದದ್ದು ಬಾಗಿಲಲ್ಲೇ ನಿಂತಿತು. ಕಟ್ಟು ಇದ್ದದ್ದೇನೋ ನಿಜ. ಆದರೆ ಅವರು ಅದರ ಒಂದು ಹಾಳೆಯನ್ನೂ ಮಗುಚಿರಲಿಲ್ಲ. ಕತ್ತು ನೋಯುತ್ತದೆಂದು ತಮ್ಮ ಪರದೆಯ ಅಡಿಗೆ ಎತ್ತರಕ್ಕೆ ಕೊಟ್ಟಿದ್ದರು! ಬೇರೆ ದಾರಿಯೇ ಇರಲಿಲ್ಲ, ಎಳೆದರು. ಪರದೆ ಎರಡು ಬೆರಳು ಕೆಳಗಿಳಿಯಿತು, ರಾಯರ ತಲೆಯೂ ಅಷ್ಟೇ ಇಳಿಯಿತು. ಮೇಲಿನ ಹಾಳೆಗೆ ಪರದೆಯ ಕಾಲಿನ ಗುರುತು. ಒಳಗಿನವು ಹುಟ್ಟಿದ ದಿನದಷ್ಟೇ ಗರಿಗರಿ.

"ಓದಿದ ಕಟ್ಟನ್ನ ಎಷ್ಟು ಹೊಸದಾಗಿ ಇಟ್ಟಿದ್ದೀರಿ!" ಎಂದರು ನರ್ಸಮ್ಮ.

"ಕೈ ತೊಳ್ಕೊಂಡು ಓದಿದ್ದೆ."

"ಒಳ್ಳೇದು. ಇಪ್ಪತ್ತು ದಿನ ಇದೆ. ಕೂತು ಟೈಪ್ ಮಾಡಿ."

"ಅಮ್ಮಾ, ಸ್ಕ್ಯಾನ್ ಮಾಡಿದ್ರೆ..." ಎಂದು ಬಾಯಿ ತೆರೆದ ಮಗಳು, ತಾಯಿಯ ಒಂದು ನೋಟಕ್ಕೆ ಬಾಯಿ ಮುಚ್ಚಿಕೊಂಡಳು.

ಶುರುವಾಯಿತು ತಪಸ್ಸು! ನಲವತ್ತು ವರ್ಷ ಎಡಗೈಯಲ್ಲಿ ಮೊಳೆಸಾಲು ಕಟ್ಟುವ ಪಟ್ಟಿ ಹಿಡಿದಿದ್ದ ಅಭ್ಯಾಸ. ಈಗಲೂ ಎಡಗೈ ಗಾಳಿಯಲ್ಲಿ ಏನನ್ನೋ ಹಿಡಿದಂತೆ ಮಡಿಚಿಯೇ ಇರುತ್ತಿತ್ತು. ಬಲಗೈಯ ಒಂದು ಬೆರಳು ಮಾತ್ರ ಕೊಕ್ಕರೆಯಂತೆ ಅಕ್ಷರ ಹೆಕ್ಕುತ್ತಿತ್ತು. ಮೊದಮೊದಲು ಅಕ್ಷರ ಮಾತ್ರ ಕಾಣುತ್ತಿದ್ದವರಿಗೆ ನಾಲ್ಕನೆಯ ದಿನದಿಂದ ಕಥೆಯೂ ಕಾಣತೊಡಗಿತು. ಅವಳಿ ಮಕ್ಕಳು ಬಂದ ಕಡೆ ನಕ್ಕರು. ಉಸಿರಾಡದ ಮಗುವನ್ನು ಹೆಂಡತಿ ತಟ್ಟಿ ತಟ್ಟಿ ಅಳಿಸಿದ ಕಡೆ ಕನ್ನಡಕ ಒರೆಸಿಕೊಂಡರು. 'ಇವಳು ಇದೆಲ್ಲ ಮಾಡಿ ಬಂದು ಸಂಜೆ ನನಗೆ ಟೀ ಕಾಸಿ ಕೊಡ್ತಿದ್ದಳಾ!' ಎಂದು ಬೆರಗಾದರು.

ಒಂಬತ್ತನೆಯ ದಿನ ಮಗಳು ಬಂದಾಗ ರಾಯರು ಹೊಟ್ಟೆ ಹಿಡಿದು ನಗುತ್ತಿದ್ದರು. "ಬಾರೇ ಇಲ್ಲಿ, ನಿಮ್ಮಮ್ಮ ಎಂಥಾ ಪುಕ್ಕಲನ ಕಥೆ ಬರೆದಿದ್ದಾಳೆ ಕೇಳು! 'ಒಬ್ಬ ಗಂಡ ಒಳಗೇ ನಿಂತು ಧೈರ್ಯ ಹೇಳುತ್ತೇನೆಂದು ಹಟ ಹಿಡಿದ. ನರ್ಸ್ ಸೂಜಿ ಎತ್ತಿದ್ದೇ ತಡ, ಬುಡ ಕಡಿದ ಮರದಂತೆ ದೊಪ್ಪನೆ ಬಿದ್ದ.' ಹಹ್ಹಾ! ಇವನೂ ಒಬ್ಬ ಗಂಡಸು!"

"ಮುಂದೆ ಓದಪ್ಪಾ."

"'ಬಿದ್ದ ರಭಸಕ್ಕೆ ಅವನ ಜೇಬಿನಿಂದ ಸೀಸದ ಅಚ್ಚುಮೊಳೆಗಳು...'"

ರಾಯರ ದನಿ ಬಾವಿಗೆ ಬಿದ್ದ ಕೊಡದಂತೆ ಗುಳುಕ್ಕೆಂದು ಮುಳುಗಿತು. ಮಗಳು ಹಾಳೆ ಕಸಿದು ಗಟ್ಟಿಯಾಗಿ ಓದಿದಳು. "'ಹೆರಿಗೆ ನನ್ನದೇ. ನೋವಿನ ನಡುವೆಯೇ ಕೂಗಿ ಹೇಳಿ ಅವರ ಮುಖಕ್ಕೆ ನೀರು ಹಾಕಿಸಿದೆ. ಆ ದಿನ ಆ ಕೋಣೆಯಲ್ಲಿ ಮೊದಲು ಅತ್ತದ್ದು ಮಗುವಲ್ಲ.'"

"ಅಪ್ಪಾ," ಎಂದಳು ಕೊನೆಗೆ, "ಈ ಕಂಬ ಬಿದ್ದದ್ದು ನಾನು ಹುಟ್ಟೋಕೆ ಮುಂಚೆಯೋ, ಆಮೇಲೋ?"

ರಾಯರು ಹಾಳೆ ಹಿಡಿದು ಅಡುಗೆಮನೆಗೆ ಧಾವಿಸಿದರು. "ಲೇ, ಈ ಅಧ್ಯಾಯ ಸ್ವಲ್ಪ ಉದ್ದ ಆಯ್ತು ಕಣೇ. ನಾಲ್ಕು ಸಾಲು ಬಿಟ್ಟುಬಿಟ್ರೆ ಪುಟಕ್ಕೆ ಸರಿಯಾಗಿ ಕೂರುತ್ತೆ."

"ಬಿಡಿ, ಅದಕ್ಕೇನು?" ನರ್ಸಮ್ಮ ಕೈ ಒರೆಸಿಕೊಂಡು ಕೈಚೀಲದಿಂದ ಥರ್ಮಾಮೀಟರಿನ ಡಬ್ಬಿ ತೆಗೆದರು. ಮುಚ್ಚಳ ತಿರುಗಿಸಿದರು. ಒಳಗಿಂದ ಜಾರಿದ್ದು ಥರ್ಮಾಮೀಟರಲ್ಲ, ಕಿರುಬೆರಳಿನಷ್ಟು ಪೆನ್‌ಡ್ರೈವ್! "ನೀವು ಬಿಟ್ಟರೂ ಇದರಲ್ಲಿ ಇದೆ. ಮೂವತ್ತೆರಡು ಅಧ್ಯಾಯವೂ ಇದೆ. ಆವತ್ತು ನೀವು ಕಂಬದ ಮಾತು ತೆಗೆದಾಗಲೇ ಹೋಗಿ ನಕಲು ಮಾಡ್ಕೊಂಡೆ."

ರಾಯರು ಬಲಗೈಯ ಬೆರಳನ್ನು ಎತ್ತಿ ಹಿಡಿದರು. "ಹಾಗಾದ್ರೆ... ಒಂಬತ್ತು ದಿನ... ಈ ಒಂದು ಬೆರಳಲ್ಲಿ... ನನ್ನ ಕೈಲಿ ಯಾಕೆ ಟೈಪ್ ಮಾಡಿಸಿದೆ?"

"ಇಲ್ದಿದ್ರೆ ನೀವು ಓದ್ತಿದ್ರಾ?"

ರಾಯರು ಎತ್ತಿದ ಬೆರಳನ್ನು ಮೆಲ್ಲಗೆ ಮಡಿಚಿಕೊಂಡರು.

"ಹೋಗಲಿ, ಇಷ್ಟು ಓದಿದ್ದೀರಲ್ಲ," ಎಂದರು ನರ್ಸಮ್ಮ. "ಎಲ್ಲಾದ್ರೂ ತಪ್ಪು ಕಾಣಿಸ್ತಾ?"

ರಾಯರು ಕೈಯಲ್ಲಿದ್ದ ಹಾಳೆಯನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ನೋಡಿದರು.

"ಇಲ್ಲ ಕಣೇ," ಎಂದರು. "ಒಂದಕ್ಷರವೂ ತಪ್ಪಿಲ್ಲ."