ಸರ್‌ನೇಮ್ ಸುಲಿಯುವ ಭಾವ

ನಮ್ಮ ಭಾವನವರನ್ನು ಹೊರಗೆ ಕರೆದುಕೊಂಡು ಹೋಗುವವರು ಮೊದಲು ದೇವರಿಗೊಂದು ತುಪ್ಪದ ದೀಪ ಹಚ್ಚಿಡುವುದು ಒಳ್ಳೆಯದು! ನಾನಂತೂ ಹಚ್ಚುತ್ತೇನೆ.

ಇವರು ನನ್ನ ಯಜಮಾನರ ಅಣ್ಣ. ಅಮೆರಿಕದ ಟ್ರಾಯ್ ಊರಿನಲ್ಲಿ ನಮ್ಮ ಜೊತೆಗೇ ಇದ್ದಾರೆ. ಡೆಟ್ರಾಯ್ಟ್ ಸುತ್ತ ಅರಬ್ಬರ ಅಂಗಡಿಗಳಿಗೇನು ಬರವೇ? ಯಾರ ಸರ್‌ನೇಮ್ ಕಣ್ಣಿಗೆ ಬಿದ್ದರೂ ಭಾವ ಅದನ್ನು ಬಟಾಣಿಯಂತೆ ಸುಲಿದುಬಿಡುತ್ತಾರೆ. ‘ಇಬ್ನ್’ ಬಂದರೆ ಇಂಥವರ ಮಗ, ‘ಅಬೂ’ ಬಂದರೆ ಇಂಥವರ ಅಪ್ಪ, ಉಳಿದದ್ದು ಕುಲಕಸುಬು!

ಬ್ರೆಡ್ ಅಂಗಡಿಯ ಯಜಮಾನ ಹದ್ದಾದ್. “ನೀವು ಕಮ್ಮಾರರು ಕಣ್ರೀ, ರೊಟ್ಟಿ ಯಾಕೆ ಸುಡ್ತಿದೀರಿ?” ಎಂದರು ಭಾವ.

“ಕಬ್ಬಿಣ ತಿನ್ನೋಕೆ ಯಾರೂ ಬರಲ್ಲ ಅಂಕಲ್!”

ಹಲ್ಲಿನ ಡಾಕ್ಟರು ನಜ್ಜಾರ್. ಕುರ್ಚಿಯಲ್ಲಿ ಬಾಯಿ ತೆರೆದ ಭಾವ ಮತ್ತೆ ಮುಚ್ಚಿ, ನನ್ನತ್ತ ತಿರುಗಿ, “ಪದ್ಮಾ, ಈತ ಬಡಗಿ ಕಣಮ್ಮ!” ಎಂದರು. ಅದನ್ನೇ ಡಾಕ್ಟರಿಗೂ ಇಂಗ್ಲಿಷಿನಲ್ಲಿ ಹೇಳಿದರು. ದೇವರ ದಯೆ, ಡಾಕ್ಟರು ನಕ್ಕು, “ಹೆದರಬೇಡಿ, ಉಳಿ ಮನೇಲಿ ಬಿಟ್ಟು ಬಂದಿದೀನಿ,” ಎಂದರು.

ನಗುತ್ತಿದ್ದೀರಾ? ನಗಿ. ಈ ಹುಚ್ಚು ಶುರುವಾದದ್ದು ಮೇಘನಾ ಹೋದ ಮೇಲೆ. ತಾಯಿಯಿಲ್ಲದ, ಭಾವನವರ ಒಬ್ಬಳೇ ಮಗಳು. ಹೋದ ಚಳಿಗಾಲ ಹೈವೇಯಲ್ಲಿ ಕಾರು ಹಿಮದ ಮೇಲೆ ಜಾರಿತು. ಅಂದಿನಿಂದ ಊರವರ ಹೆಸರೆಲ್ಲ ಭಾವನವರ ಬಾಯಲ್ಲಿ, ಆ ಒಂದು ಹೆಸರು ಮಾತ್ರ ಇಲ್ಲ. ನಾವೂ ಎತ್ತುವುದಿಲ್ಲ. ‘ಅವಳ ರೂಮು’, ‘ಅವಳ ಕೋಟು’ ಎಂದು ದಾಟಿಸುತ್ತೇವೆ. ಅವರು ಮಾತಾಡುತ್ತಾರೆ, ತಟ್ಟೆಗೆ ಹಾಕಿದ್ದನ್ನು ಉಣ್ಣುತ್ತಾರೆ, ಅಷ್ಟೇ ಸಾಕಪ್ಪಾ ಎಂದು ದೇವರ ಮುಂದೆ ಕೈ ಮುಗಿಯುತ್ತೇನೆ.

ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದ ಲೆಬನಾನಿನ ಅಜ್ಜಿ ಬೇಳೆ ಹಾಕಿದ ಅನ್ನ ತಂದರು. ಮಾಂಸ ಸೋಕಿಲ್ಲವೆಂದು ಬಾಗಿಲಲ್ಲೇ ಆಣೆಯಿಟ್ಟರು! ಭಾವ ಬಿಟ್ಟಾರೆಯೇ? “ನಿಮ್ಮ ಸರ್‌ನೇಮ್?”

“ಅದೆಲ್ಲ ಯಾಕೆ? ಉಮ್ ಕರೀಮ್ ಅನ್ನಿ. ಕರೀಮ್‌ನ ಅಮ್ಮ. ನಮ್ಮಲ್ಲಿ ಮಗುವಿನ ಹೆಸರು ಹಿಡಿದು ಕರೆಯೋದೇ ಮರ್ಯಾದೆ. ನೀವು? ಅಬೂ... ಯಾರು?”

“ಟೀ ಕುಡೀತೀರಾ ಆಂಟಿ?” ಎಂದು ನಾನು ಅಡ್ಡಬಾಯಿ ಹಾಕಿ ಒಲೆಯ ಮೇಲೆ ನೀರಿಟ್ಟೆ. ಭಾವ ಕಿಟಕಿಯಾಚೆಯ ಹಿಮ ನೋಡುತ್ತ ಕುಳಿತರು. ನಮ್ಮಲ್ಲಾದರೆ ಮಕ್ಕಳು ಅಪ್ಪನ ಹೆಸರು ಹೊರುತ್ತಾರೆ. ಇವರಲ್ಲಿ ಮಕ್ಕಳ ಹೆಸರನ್ನು ಅಪ್ಪ ಹೊರಬೇಕಲ್ಲ!

“ಅಬೂ ಮೇಘನಾ,” ಎಂದರು.

“ಮೆಗ್ನಾ? ಚಂದದ ಹೆಸರು.”

“ಮೆಗ್ನಾ ಅಲ್ಲ. ಮೇ-ಘ-ನಾ.”

“ಮೇಗನಾ.”

“ಇಲ್ಲ, ಇಲ್ಲ! ಹೊಟ್ಟೆಯಿಂದ ಬರಬೇಕು. ಇನ್ನೊಂದ್ಸಲ!”

ಅಜ್ಜಿ ಹೇಳಿದರು. ಭಾವ ತಿದ್ದಿದರು. ಅಜ್ಜಿ ಮತ್ತೆ ಹೇಳಿದರು. ಟೀಗಿಟ್ಟ ನೀರು ಕುದಿದು ಕುದಿದು ಇಂಗಿತು. ನಾನು ಇನ್ನಷ್ಟು ನೀರು ಸುರಿದೆ.