ಏಳೂವರೆ ತಲೆ

"ನಾಗಪತಿ, ಇವ ಬಲೆ ಎಳೀತಾ ಇದ್ನಾ, ಬಲೆಯೇ ಇವನ್ನ ಎಳೀತಾ ಅದ್ಯಾ?"

ಮೀನುಗಾರರ ಸಂಘದ ಅಧ್ಯಕ್ಷ ಶ್ರೀಧರ ಚಿತ್ರವನ್ನು ಕೈಯಳತೆ ದೂರ ಹಿಡಿದು ಹೀಗೆ ಕೇಳಿದ್ದೇ ಎಲ್ಲಕ್ಕೂ ಮೂಲ. "ಕೈ ನೋಡು, ಪಡವಲಕಾಯಿ ಜೋತು ಬಿದ್ದಾಂಗೆ. ಬಲೆ ಹೋಗ್ಲಿ, ಇವನಿಗೆ ಕೊಡೆ ಬಿಡಿಸೂಕೂ ಆಗೂದಿಲ್ಲ."

ಬಾಡ ಊರಿನ ನಾಗಪತಿ ಇಪ್ಪತ್ತು ವರ್ಷ ಕುಮಟೆಯಿಂದ ಹೊನ್ನಾವರದವರೆಗೆ ಅಂಗಡಿ ಬೋರ್ಡು ಬರೆದವನು. ಫ್ಲೆಕ್ಸ್ ಬಂದ ಮೇಲೆ ಅವನ ಕುಂಚಗಳು ಒಣಗಿ ಕಡ್ಡಿಯಾಗಿದ್ದವು. ಸಂಘದ ಹೊಸ ಕಟ್ಟಡದ ಗೋಡೆಗೆ ಬಲೆ ಎಳೆಯುವ ಮೀನುಗಾರನನ್ನು ಬರೆಯುವುದೊಂದೇ ಈಗ ಸಿಕ್ಕಿದ್ದ ಕೆಲಸ. ಅವನು ಸಿಟ್ಟಿನಲ್ಲಿ ಮೂರು ತಿಂಗಳು ಗಡುವು ಕೇಳಿ, ಮೊಬೈಲ್ ಹಿಡಿದು ಮನುಷ್ಯನ ಅಂಗರಚನೆ ಕಲಿಯಲು ಕೂತ.

ಕಣ್ಣಿರುವುದು ತಲೆಯ ನಟ್ಟನಡುವೆ. ಕಿವಿಯ ಉದ್ದ ಹುಬ್ಬಿನಿಂದ ಮೂಗಿನ ಬುಡದವರೆಗೆ. ನಿಂತ ಮನುಷ್ಯ ಅವನದೇ ತಲೆಯ ಏಳೂವರೆ ಪಟ್ಟು ಎತ್ತರ. ಇಷ್ಟು ತಿಳಿದದ್ದೇ ಅವನಿಗೆ ಊರಿನವರೆಲ್ಲ ಎಲುಬು, ಸ್ನಾಯುಗಳಾಗಿ ಕಾಣತೊಡಗಿದರು. ಬಸ್ಸಿನಲ್ಲಿ ಕಂಡಕ್ಟರನ ಕುತ್ತಿಗೆ ದಿಟ್ಟಿಸಿ ಬೈಸಿಕೊಂಡ. ಊಟಕ್ಕೆ ಬಡಿಸುತ್ತಿದ್ದ ಹೆಂಡತಿ ಅಮಿತಾಳ ಮೊಣಕೈಯನ್ನೇ ನೋಡುತ್ತ ಕೂತಾಗ ಅವಳು, "ಸಾರು ಬೇಕಾ, ನನ್ನ ಎಲುಬೇ ಬೇಕಾ?" ಎಂದಳು. ಒಬ್ಬೊಬ್ಬರ ಮಾತಿಗೂ ಅವನ ಸಿಟ್ಟು ಒಂದೊಂದು ಗೆಣ್ಣು ಬೆಳೆಯಿತು.

ಗಡುವಿನ ದಿನ ಬಂತು. ಸಂಜೆ ಐದಕ್ಕೆ ಹೊಸ ಚಿತ್ರ ತೋರಿಸಬೇಕು. ಮಾದರಿಗೆಂದು ನಾಗಪತಿ ಆರಿಸಿಕೊಂಡದ್ದು ಮೀನುಗಾರ ಈರನನ್ನು. ಅರವತ್ತಾದರೂ ಈರನ ಬೆನ್ನು ಏಡಿಯ ಚಿಪ್ಪಿನಷ್ಟು ಬಿಗಿ. "ಬೆಳಿಗ್ಗೆ ಬಾ, ಎಷ್ಟು ಬೇಕಾರೂ ನೋಡ್ಕೋ," ಎಂದಿದ್ದ ಮನುಷ್ಯ, ಹೋಗಿ ನೋಡಿದರೆ ಕಡಲಿಂದ ಬಂದು ಜಗಲಿಯ ಮೇಲೆ ಅಂಗಾತ ಮಲಗಿದ್ದಾನೆ. ನೊಣದ ಕಾಟಕ್ಕೆ ಮುಖದ ಮೇಲೆ ಬಿಳಿ ಪಂಚೆ. ಎಷ್ಟು ಕರೆದರೂ ಅಲುಗಾಟವಿಲ್ಲ.

ಅಳತೆಯನ್ನಾದರೂ ಮುಗಿಸೋಣ ಎಂದು ನಾಗಪತಿ ಬಲೆಯ ದಾರ ತೆಗೆದು ಈರನ ನೆತ್ತಿಯಿಂದ ಗದ್ದದವರೆಗೆ ಹಿಡಿದ. ಅದೇ ಅಳತೆಯಲ್ಲಿ ಹಿಮ್ಮಡಿಯವರೆಗೆ ಎಣಿಸುತ್ತ ಹೋದ. ಪಕ್ಕದ ಮನೆಯ ಹೊನ್ನಮ್ಮ ಬೇಲಿಯಾಚೆ ನಿಂತಳು.

"ಎಂತಾತು ತಮಾ?"

ದಾರದ ತುದಿ ಹಲ್ಲಿನಲ್ಲಿತ್ತು. ಎಣಿಕೆ ತಪ್ಪೀತೆಂದು ನಾಗಪತಿ ತಲೆಯೆತ್ತಲಿಲ್ಲ. "ಆತು, ಹೊನ್ನಕ್ಕ. ಮುಗೀತು."

"ಅಯ್ಯೋ ದೇವ್ರೇ. ಎಷ್ಟು ಹೊತ್ತಿಗೆ?"

ನಾಗಪತಿಗೆ ಕೇಳಿಸಿದ್ದು "ಎಷ್ಟು" ಎಂಬುದೊಂದೇ. "ಏಳೂವರೆ," ಎಂದ.

ಅವನು ಮನೆಗೆ ಹೋಗಿ ಹಲಗೆ, ಕಾಗದ ತರುವಷ್ಟರಲ್ಲಿ ಈರನ ಅಂಗಳ ತುಂಬಿತ್ತು. ಯಾರೋ ಈರನ ಎದೆಯ ಮೇಲೆ ಸೇವಂತಿಗೆ ಮಾಲೆ ಇಟ್ಟಿದ್ದರು. ಚಟ್ಟಕ್ಕೆಂದು ಕೇರಿಯ ಮೀನುಗಾರ ಜಟ್ಟಿ ಎರಡು ಹಸಿ ಬಿದಿರು ಕಡಿದು ಹೊತ್ತು ತಂದಿದ್ದ. ಮೀನುಪೇಟೆಯಿಂದ ಬುಟ್ಟಿ ಬಿಟ್ಟು ಓಡಿಬಂದ ಹೆಂಡತಿ ಮಾಸ್ತಮ್ಮ ಗಂಡನ ಮೇಲೆ ಬಿದ್ದು ಗೋಳೋ ಎಂದದ್ದೇ, ಹೆಣ ಎದ್ದು ಕೂತು, "ಚಾ ಆತಾ?" ಎಂದಿತು.

ಹೆದರಿ ಹಿಂದೆ ಸರಿದವರಿಗೆಲ್ಲ ನಿಮಿಷದಲ್ಲಿ ಧೈರ್ಯ ಬಂತು. ಧೈರ್ಯದ ಬೆನ್ನಿಗೇ ಸಿಟ್ಟೂ ಬಂತು. ಹೊನ್ನಮ್ಮ ಬೆರಳು ತೋರಿಸಿದಳು. "ಇವನೇ ಹೇಳಿದ್ದು. ಹೊತ್ತು ಸಮೇತ ಹೇಳ್ದ."

"ನನ್ನ ಬಿದಿರಿಗೆ ಎಂತ ಮಾಡೂದು ಈಗ?" ಎಂದು ಜಟ್ಟಿ ನಾಗಪತಿಯ ಮೈಮೇಲೆ ಬಂದ.

ಇದು ಈರನಿಗೆ ನಾಟಿತು. "ನಿಲ್ಲಾ ಜಟ್ಟಿ. ಮೂಗಿಗೆ ಬೆರಳು ಹಿಡ್ದು ನೋಡೂಕೆ ಪುರಸೊತ್ತಿಲ್ಲ, ಬಿದಿರು ಕಡಿಯೂಕೆ ಪುರಸೊತ್ತು ಅದೆ ನಿಂಗೆ."

"ಉಪಕಾರ ಮಾಡೂಕೆ ಬಂದದ್ದೇ ತಪ್ಪಾತಾ?"

ಇಬ್ಬರೂ ಕೈ ಕೈ ಮಿಲಾಯಿಸುವ ಹೊತ್ತಿಗೆ ಮೂರು ತಿಂಗಳ ಸಿಟ್ಟೆಲ್ಲ ನಾಗಪತಿಯ ನೆತ್ತಿಗೇರಿತು. ಮೂಲೆಯಲ್ಲಿದ್ದ ದೋಣಿಯ ಹಗ್ಗ ತಂದು ಒಂದು ತುದಿ ಈರನ ಕೈಗೆ, ಇನ್ನೊಂದು ತುದಿ ಜಟ್ಟಿಯ ಕೈಗೆ ತುರುಕಿದ.

"ಎಳೀರಿ. ಯಾರು ಸರಿ ಅಂತ ನೋಡ್ವಾ. ಉಳಿದವರು ಬಾಯಿ ಮುಚ್ಕಂಡು ಕೂತ್ಕಳಿ."

ಎಳೆದರು. ದಮ್ಮು ಕಟ್ಟಿ, ನಡುನಡುವೆ ನಿಂತು ಬೈದು, ಮತ್ತೆ ಎಳೆದರು. ಈರನ ಹೆಗಲೆಲುಬುಗಳು ಚರ್ಮದಡಿ ಜಾರಿದವು, ಕುತ್ತಿಗೆಯ ನರ ಹುರಿಗಟ್ಟಿತು, ದವಡೆಯ ಸ್ನಾಯು ಗಂಟಾಯಿತು. ನಾಗಪತಿ ಹಲ್ಲು ಕಚ್ಚಿ ಗೀಚಿದ. ಎರಡು ಸಲ ಇದ್ದಿಲು ಮುರಿಯಿತು. ಕೊನೆಗೆ ಹಲಗೆಯನ್ನು ಜನರತ್ತ ತಿರುಗಿಸಿದ. ಮಾಸ್ತಮ್ಮ ಹತ್ತಿರ ಬಂದು, ಕಾಗದ ಮುಟ್ಟದೆ, ಬಹಳ ಹೊತ್ತು ನೋಡಿದಳು.

"ಇವ್ರೇ," ಎಂದಳು. "ನಲವತ್ತು ವರ್ಷ ಆತು, ಈ ಬೆನ್ನು ಹೀಂಗಿರ್ತದೆ ಅಂತ ನಾನು ನೋಡಿರ್ಲಿಲ್ಲ."

ಐದು ಗಂಟೆಗೆ ಸಂಘದ ಕಟ್ಟಡಕ್ಕೆ ನಾಗಪತಿಯ ಹಿಂದೆ ಅರ್ಧ ಊರೇ ಬಂತು. ಶ್ರೀಧರ ಕನ್ನಡಕ ಒರೆಸಿ ನೋಡಿದ. "ಇದು ಮನುಷ್ಯ," ಎಂದ. "ಒಂದು ಎಲುಬೂ ತಪ್ಪಿಲ್ಲ. ನೋಡಿದ್ರೆ ಈರನೇ ಎದುರು ನಿಂತಾಂಗೆ ಅದೆ."

"ಅದೇ ನಾನೂ ಹೇಳೂದು," ಎಂದು ಜಟ್ಟಿ ಮುಂದೆ ಬಂದ. "ಸಂಘದ ಗೋಡೆ ಮೇಲೆ ಈರ ಎಂತಕ್ಕೆ? ಸಂಘ ಅವನ ಅಪ್ಪಂದಾ? ಹಗ್ಗ ಎಳ್ದದ್ದು ನಾನೂ ಅಲ್ದಾ?"

"ಹಾಂಗಾದ್ರೆ ನಮ್ಮನೆಯವ್ರು?" ಎಂದಳು ಹೊನ್ನಮ್ಮ. "ಅವ್ರೂ ಮೆಂಬರೇ."

ಹಿಂದಿನಿಂದ ಇನ್ನೂ ನಾಲ್ಕು ಹೆಸರು ಕೇಳಿಬಂದವು. ಎರಡು ಕಡೆ ಅಂಗಿಯ ತೋಳುಗಳು ಮೇಲೇರಿದವು. ಶ್ರೀಧರ ಮೇಜು ಬಡಿದ.

"ಮನುಷ್ಯರ ಸುದ್ದಿಯೇ ಬೇಡ. ನಾಗಪತಿ, ಗೋಡೆ ತುಂಬ ಒಂದು ದೊಡ್ಡ ಬಂಗಡೆ ಮೀನು ಬರೆದುಬಿಡು. ಬಂಗಡೆ ಯಾರ ಕಡೆಯವರೂ ಅಲ್ಲ."

ನಾಗಪತಿಯ ಕಿವಿ ಕೆಂಪಾಯಿತು. "ಮೂರು ತಿಂಗಳು ಎಲುಬು ಕಲ್ತಿದ್ದೇನೆ, ಶ್ರೀಧರಣ್ಣ."

"ಚಲೋ ಆತು. ಈಗ ಬಂಗಡೆದು ಕಲಿ," ಎಂದು ಶ್ರೀಧರ ಚಿತ್ರವನ್ನು ಸುರುಳಿ ಸುತ್ತಿ ವಾಪಸು ಕೊಟ್ಟ. "ರೆಕ್ಕೆ ಎಷ್ಟು, ಪಟ್ಟೆ ಎಲ್ಲಿ, ಎಲ್ಲಾ ಸಮಾ ನೋಡ್ಕಂಡು ಬರಿ. ಮನುಷ್ಯನ ಕೈ ಸೊಟ್ಟಾದ್ರೆ ತಪ್ಪು ಹೇಳೂಕೆ ನಾನೊಬ್ಬ. ಬಂಗಡೆ ಬಾಲ ಸೊಟ್ಟಾದ್ರೆ ಸಂಘದ ನೂರಾ ಇಪ್ಪತ್ತು ಜನ."